ಸದ್ಯಕ್ಕ

ಮನಿ ನನ್ನ ಹೆಸರಿಗಾಗಿ ಮೂರು ತಿಂಗಳಾಯ್ತು.
ಓಣಿಯವರ ಬಾಯಾಗ ಇನ್ನೂ ಅದು
ಕಂಡಕ್ಟರ್ ರೇವಣಪ್ಪನ ಮನಿ.
ಹಾಲಿನಾಂವ, ಗ್ಯಾಸಿನಾಂವ, ಕರೆಂಟ್ ಬಿಲ್ಲಿನ ಹುಡುಗ,
ಎಲ್ಲಾರೂ ಅವನ್ನೇ ಕೇಳ್ಕೋತ ಬರ್ತಾರ.
ಬ್ರಹ್ಮಪುರದ ಈ ಸಂದ್ಯಾಗ
ಇಪ್ಪತ್ತೆರಡು ವರ್ಷದ ಜಂಪರ್ ಹೊಲಿಗಿ ಕೂಡಿಸಿ
ನಾ ಕೊಂಡದ್ದು ಎರಡು ಖೋಲಿ, ಒಂದು ಪಡಸಾಲಿ,
ಮತ್ತ ಅಂವ ಮಾಡಿಟ್ಟ ರಿಪೇರಿ.

ಅಡಿಗಿಮನಿ ಸ್ವಿಚ್ ಒತ್ತಿದರ
ಪಡಸಾಲಿ ಫ್ಯಾನ್ ತಿರಗ್ತದ.
ಬಚ್ಚಲದಾಗ ಸುರದ ನೀರು ಮೋರಿ ಬಿಟ್ಟು
ದೇವರ ಮಾಡದ ಕಡೆ ನಡೀತದ.
ನಳದ ಕುತ್ತಿಗಿಗಿ ಸೈಕಲ್ ಟ್ಯೂಬು,
ಟ್ಯೂಬಿನ ಮ್ಯಾಲ ಎಂ-ಸೀಲು, ಅದರ ಮ್ಯಾಲ ಬಣ್ಣ,
ಬಣ್ಣದ ಮ್ಯಾಲ, ಯಾಕೋ,
ವಿಭೂತಿಯ ಮೂರು ಗೆರಿ.

ಹೊಸ್ತಲದ ಫರಸಿ ಒಡದಲ್ಲಿ
ಒಂದು ಪುಟ್ಟಿ ಸಿಮಿಟ್ ಸುರದು ಬಿಟ್ಟಾನ,
ಎಮ್ಮಿ ಮಕ್ಕೊಂಡಂಗ ಉಬ್ಬಿ ಕುಂತದ.
ದಿನಾ ಎಡವಿದೆ, ದಿನಾ ಅವನ ಹೆಸರು ತಗೊಂಡೆ.
ನನ್ನ ಗಂಡನ ಹೆಸರು ಸೈತ
ಜೀವಮಾನದಾಗ ಅಷ್ಟು ಸಲ ತಗೊಂಡಿಲ್ಲ.

ಹಿಂದಿನ ಟೇಲರ್ ಏನು ಮುಚ್ಚಿಟ್ಟಾನ ಅನ್ನೋದು
ಅಸ್ತರ ಬಿಚ್ಚಿದ ಮ್ಯಾಲೇ ತಿಳೀತದ.
ಹೊಲಿಯೋದು ಅರ್ಧ ತಾಸು, ಬಿಚ್ಚೋದು ಒಂದು ಸಂಜಿ.
ಎಳೀಬಾರದು. ಬ್ಲೇಡಿನ ತುದೀಲೆ
ಒಂದೊಂದೇ ಎಳಿ, ಅರಿವಿಗಿ ಗೊತ್ತಾಗದಂಗ.
ಗ್ವಾಡಿಗಿ ಅಂಥ ನಾಜೂಕ ನಡೆಯಂಗಿಲ್ಲ.
ಲಾಡ್ಲೇಸಾಬ ಗೌಂಡಿ ಕಿವಿ ಹಚ್ಚಿ
ಬೆರಳ ಗೆಣ್ಣಿಲೆ ತಟ್ಟಿದ. ಪೊಳ್ಳು ಸಪ್ಪಳ.
"ಒಳಗ ಏನೋ ತುಂಬ್ಯಾರ ಸುಗಲಾಬಾಯಿ,
ಇಟ್ಟಂಗಿ ಅಲ್ಲ."
ಚಾಣ ಇಟ್ಟು ಸುತ್ತಗಿ ಹೊಡದ.

ಬಿದ್ದದ್ದು ಮಣ್ಣಲ್ಲ. ಟಿಕೇಟು.
ಗುಲಾಬಿ, ಹಸರು, ಹಳದಿ,
ಕಟ್ಟು ಕಟ್ಟು ಹಳೀ ಬಸ್ ಟಿಕೇಟು
ಬಿರುಕಿನುದ್ದಕ್ಕೂ ತುರುಕಿ
ಮ್ಯಾಲ ಗಚ್ಚು ಬಳದಿದ್ದ.
ಲಾಡ್ಲೇಸಾಬ ನಕ್ಕೋತ ಕೆಳಗ ಕುಂತುಬಿಟ್ಟ.
ಟಿಕೇಟಿನ ಮ್ಯಾಲ ಊರ ಹೆಸರಿಲ್ಲ, ಬರೀ ರೊಕ್ಕ.
ಆದರೂ ನಾ ಆಳಂದ, ಅಫಜಲಪುರ, ಜೇವರ್ಗಿ ಅನ್ಕೋತ
ಬುಟ್ಟಿಗಿ ತುಂಬಿದೆ.
ಅಷ್ಟೂ ಮಂದಿ ನನ್ನ ಗ್ವಾಡಿಯೊಳಗ
ಸೀಟು ಸಿಗದವರಂಗ ಒತ್ತಗೊಂಡು ನಿಂತಿದ್ರು.

ರೇವಣಪ್ಪ ಬಂದದ್ದು ಮೇ ತಿಂಗಳ ಒಂದು ಮಧ್ಯಾಹ್ನ,
ತಲಿಮ್ಯಾಲ ಹಸಿ ಟವೆಲ್ ಹಾಕ್ಕೊಂಡು,
ಎಲ್‌ಐಸಿ ಕಾಗದ ಇಲ್ಲಿಗೇನರ ಬಂದದೇನು ಅಂತ.
ಹೊಸ್ತಲದಾಗ ಕಾಲು ಗೇಣುದ್ದ ಮ್ಯಾಲೆತ್ತಿದ,
ಇಲ್ಲದ ಉಬ್ಬು ದಾಟಿದ,
ಸಪಾಟ ಹೊಸ ಫರಸಿ ಮ್ಯಾಲ ಮುಗ್ಗರಿಸಿದ.

ಮೂರು ತಿಂಗಳು ಕೂಡಿಟ್ಟ ಬೈಗಳಿದ್ವು ನನ್ನ ಹತ್ರ.
ಚರಗಿ ನೀರು ಕೊಟ್ಟೆ.
ಒಡದ ಗ್ವಾಡಿ ನೋಡಿದ, ಬುಟ್ಟಿ ನೋಡಿದ,
ಒಂದು ಹಸರು ಟಿಕೇಟು ತಗೊಂಡು
ಉಗುರಿಲೆ ಧೂಳು ಕೆರದ.
"ಸದ್ಯಕ್ಕಂತ ಮಾಡಿದ್ದೆ ತಂಗಿ," ಅಂದ,
"ಹದಿನೆಂಟು ವರ್ಷ ಬಂತು."
ನಾಚಿಕಿನೋ ಹೆಮ್ಮಿನೋ, ನನಗ ತಿಳೀಲಿಲ್ಲ.
ಹೋಗೂ ಮುಂದ ಫ್ಯಾನಿನ ಕಡೆ ಬೆರಳು ಮಾಡಿ,
"ಅಡಿಗಿಮನಿ ಸ್ವಿಚ್ ಒಂದು ಬಿಚ್ಚಸಬ್ಯಾಡ.
ಆ ವೈರ್ ಎಲ್ಲೆಲ್ಲಿ ಹೋಗ್ಯಾದೋ
ನನಗೂ ನೆಪ್ಪಿಲ್ಲ."

ನಿನ್ನಿ ರಾತ್ರಿ ಗಾಳಿ ಬಿಟ್ಟಿತು, ದೂರ ಗುಡುಗು.
ಕಿಟಕಿ ಗಾಜು ಚೌಕಟ್ಟಿನಾಗ
ಕಟಕಟ ಹಲ್ಲು ಕಡೀಲಕತ್ತಿತು.
ಲಾಡ್ಲೇಸಾಬ ಮಗಳ ಲಗ್ನಕ್ಕ ಹೋಗ್ಯಾನ,
ಹತ್ತು ದಿನ ಬರಂಗಿಲ್ಲ.
ಅಸ್ತರದ ಚೂರು ಬಿದ್ದಿದ್ವು, ನೀಲಿ,
ಯಾರದೋ ಜಂಪರಿಂದು.
ನಾಕು ಮಡಚಿ ಮಾಡಿ
ಕತ್ತರಿ ಮೊನೀಲೆ ಸಂದಿಗಿ ತುರುಕಿದೆ.
ಸಪ್ಪಳ ನಿಂತಿತು.

ಮಕ್ಕೊಳ್ಳಕ ಹೋದಾಕಿ ತಿರುಗಿ ಬಂದು,
ಲೈಟ್ ಹಚ್ಚಿ,
ನೀಲಿ ಅಂಚು ಹೊರಗ ಕಾಣದಂಗ
ಒಳಗ ಒತ್ತಿದೆ.